ಇವರ ಜೇಬಿನ ರಿಸೀವರ್

ಫೆಬ್ರುವರಿ 11

ಪ್ರೀತಿಯ ಪಟಾಕಿ,

ಹೇಗಿದ್ದೀಯ? ಮೊಮ್ಮಗಳಿಗೆ ಜ್ವರ ಬಿಟ್ಟಿತೇ? ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು, ಉತ್ತರ ಬರೆಯದೆ ಕೂತೆ ಎಂದು ಬೈಯಬೇಡ. ಫೋನಾದರೂ ಮಾಡಬಹುದಿತ್ತಲ್ಲ ಎಂದು ನೀನು ಕೇಳುವುದು ಗೊತ್ತು. ಈಚೆಗೆ ಫೋನಿನಲ್ಲಿ ಮಾತಾಡಿದರೆ ನನಗೆ ಅಳು ಬರುತ್ತದೆ ಕಣೇ. ಆಚೆ ಕಡೆಯಿಂದ ಯಾರಾದರೂ "ಹಾಂ, ಹೇಳು" ಎಂದರೆ ಸಾಕು, ಫೋನು ಇಟ್ಟುಬಿಡುತ್ತೇನೆ. ಅದಕ್ಕೆ ಕಾಗದವೇ ವಾಸಿ. ಇಲ್ಲಿ ಕೂತು ಎಷ್ಟು ಮೂಗು ಸುರಿಸಿದರೂ ನಿನಗೆ ಕಾಣುವುದಿಲ್ಲ.

ಇವರ ಕಿವಿ ಹೋಯಿತು ಎಂದೇ ಹೇಳಬೇಕು. ಪ್ರೆಸ್ಸಿನಲ್ಲಿ ಆ ದೊಡ್ಡ ಮಶೀನಿನ ಪಕ್ಕ ನಿಂತು ಜೀವಮಾನವೆಲ್ಲ ಕಳೆದವರು. ಮೊದಲು ಕುಕ್ಕರಿನ ಸೀಟಿ ಕೇಳಿಸದಾಯಿತು, ಆಮೇಲೆ ಬಾಗಿಲಿನ ಗಂಟೆ, ಆಮೇಲೆ ನಾನು. ಅಂಗಡಿಯ ಕಿವಿ ಮಶೀನು ತಂದು ಹಾಕಿಸಿದೆವು. ಒಂದು ವಾರ ಇಟ್ಟುಕೊಂಡು, "ಇದ್ರಲ್ಲಿ ಮನುಷ್ಯರ ಮಾತು ಕೇಳಲ್ಲ, ಯಾರೋ ತಟ್ಟೆ ಲೋಟ ಬೀಳಿಸ್ತಾನೇ ಇರ್ತಾರೆ" ಎಂದು ತೆಗೆದು ಡಬ್ಬಿಗೆ ಹಾಕಿದರು. ಅಲ್ಲಿಂದ ಈಚೆಗೆ ನಮ್ಮ ಮನೆಯಲ್ಲಿ ಸ್ಲೇಟು ಬಂದಿದೆ. ಮಕ್ಕಳು ಬಳಪದಲ್ಲಿ ಬರೆಯುವ ಕಪ್ಪು ಸ್ಲೇಟು.

ಸ್ಲೇಟಿನ ಮೇಲೆ ಎಂಥ ಮಾತು ಬರೆಯಲು ಸಾಧ್ಯ, ನೀನೇ ಹೇಳು. "ಊಟಕ್ಕೆ ಬನ್ನಿ." "ಮಾತ್ರೆ ತಗೊಂಡ್ರಾ?" "ನಲ್ಲಿ ನಿಲ್ಲಿಸಿ." ಜಗಳ ಆಡುವುದಕ್ಕೂ ಬರುವುದಿಲ್ಲ, ಬರೆದು ಮುಗಿಸುವಷ್ಟರಲ್ಲಿ ಸಿಟ್ಟು ಇಳಿದಿರುತ್ತದೆ. ತಮಾಷೆ ಮಾಡುವುದಕ್ಕಂತೂ ಸಾಧ್ಯವೇ ಇಲ್ಲ. ನಾನು ಬಾಯಿಬಡುಕಿ, ಕಾಲೇಜಿನಲ್ಲಿ ನಮ್ಮಿಬ್ಬರನ್ನೂ ಬೇರೆ ಬೇರೆ ಬೆಂಚಿನಲ್ಲಿ ಕೂರಿಸಿದ್ದು ನೆನಪಿದೆಯಲ್ಲ. ಅಂಥವಳು ಈಗ ಬೆಳಗಿನಿಂದ ಸಂಜೆಯವರೆಗೆ ಒಂದು ಸ್ಲೇಟಿನಷ್ಟು ಮಾತಾಡುತ್ತೇನೆ. ಮೊನ್ನೆ ಅಡುಗೆಮನೆಯಲ್ಲಿ ನಿಂತು ಪಾತ್ರೆಗಳ ಜೊತೆ ದೊಡ್ಡ ಗಂಟಲಿನಲ್ಲಿ ವಾದ ಮಾಡುತ್ತಿದ್ದೆ. ಇವರು ಹಿಂದೆಯೇ ಬಂದು ನೀರು ಕುಡಿದು ಹೋದರು. ನನಗೆ ನಾಚಿಕೆಯಾಗಲಿಲ್ಲ, ಹೆದರಿಕೆಯಾಯಿತು. ಇನ್ನು ಉಳಿದ ಕಾಲವೆಲ್ಲ ಹೀಗೇ ಎಂದು ಅಂದುಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಕಿವಿ ಡಾಕ್ಟರು ಒಂದು ಮಾತು ಹೇಳಿದರು: "ಇವರಿಗೆ ಶಬ್ದ ದೊಡ್ಡದು ಮಾಡಿದ್ರೆ ಸಾಲ್ದು ಅಮ್ಮಾ. ಮಾತಾಡೋರ ಬಾಯಿ ಹತ್ರಾನೇ ಮೈಕ್ ಇರಬೇಕು. ಅಲ್ಲಿಂದ ನೇರ ಇವರ ಕಿವಿಗೆ ಹೋಗಬೇಕು, ಮಧ್ಯೆ ಕೋಣೆ ಗಲಾಟೆ ಸೇರಬಾರ್ದು." ನಾನು ಕುರ್ಚಿಯಿಂದ ಅರ್ಧ ಎದ್ದೇ ಬಿಟ್ಟೆ. ಮಾತಾಡುವವರ ಕೊರಳ ಪಟ್ಟಿಯಲ್ಲಿ ಒಂದು ಟ್ರಾನ್ಸ್‌ಮಿಟರ್, ಕೇಳುವವರ ಜೇಬಿನಲ್ಲಿ ಒಂದು ರಿಸೀವರ್, ಅಷ್ಟೇ ತಾನೇ? ವೈರ್‌ಲೆಸ್ ಸೆಟ್ಟಿನ ಫ್ಯಾಕ್ಟರಿಯಲ್ಲಿ ಟೆಸ್ಟಿಂಗ್ ಬೆಂಚಿನ ಮುಂದೆ ಕಣ್ಣು ಸವೆಸಿದವಳಿಗೆ ಇದು ಯಾವ ಮಹಾ ಕೆಲಸ! "ಅಂಗಡೀಲಿ ಸಿಗುತ್ತಮ್ಮ, ತರಿಸ್ತೀನಿ" ಎಂದಳು ಮಗಳು. ಬೇಡ ಎಂದೆ. ಇವರಿಗೂ ನನಗೂ ಮಧ್ಯೆ ಯಾವುದೋ ಅಂಗಡಿಯ ಡಬ್ಬಿ ಕೂರುವುದು ನನಗೆ ಬೇಕಿರಲಿಲ್ಲ.

ಮೆಟ್ಟಿಲ ಕೆಳಗಿನ ನನ್ನ ಗೂಡು ನೀನು ನೋಡಿಲ್ಲ. ಹಳೆಯ ಇಸ್ತ್ರಿ ಮೇಜೇ ಬೆಂಚು. ಮೇಲೆ ಗುಜರಿಯಿಂದ ತಂದು ಜೀವ ಕೊಟ್ಟ ಆಸಿಲೋಸ್ಕೋಪು, ಮಾತ್ರೆ ಡಬ್ಬಿಗಳಲ್ಲಿ ರೆಸಿಸ್ಟರು, ಕೆಪಾಸಿಟರು. ತಲೆ ಎತ್ತಿ ನಿಂತರೆ ಮೆಟ್ಟಿಲು ಹಣೆಗೆ ಬಡಿಯುತ್ತದೆ. ಇವರು ಮಧ್ಯಾಹ್ನ ಮಲಗಿದಾಗ ನಾನು ಅಲ್ಲಿಗೆ ನುಗ್ಗುತ್ತೇನೆ. ಮೊದಲನೆಯದನ್ನು ನಮ್ಮ ಕಾಲದ ರೀತಿಯಲ್ಲೇ ಮಾಡಿದೆ: ಪೆನ್ನಿನ ರೀಫಿಲ್ಲಿಗೆ ತಾಮ್ರದ ತಂತಿ ಸುತ್ತಿ ಕಾಯಿಲು, ಒಂದು ಟ್ರಾನ್ಸಿಸ್ಟರು, ಒಂದು ಮೈಕು. ಇವರ ಜೇಬಿಗೆ ಪುಟ್ಟ ಎಫ್‌ಎಂ ರೇಡಿಯೋ. ಬೆಂಚಿನ ಮೇಲೆ ಗಂಟೆಯಂಥ ದನಿ ಬಂತು. ಕೊರಳಿಗೆ ಸಿಕ್ಕಿಸಿಕೊಂಡರೆ ಮುಗಿಯಿತು, ನಾನು ಕೈ ಎತ್ತಿದರೆ ಸ್ಟೇಷನ್ನು ಜಾರುತ್ತದೆ, ತಲೆ ತಿರುಗಿಸಿದರೆ ಜಾರುತ್ತದೆ. ಇವರ ಕಿವಿಗೆ ನನ್ನ ಬದಲು ಬರೀ ಬುಸ್ಸೆನ್ನುವ ಶಬ್ದ, ಮಧ್ಯೆ ಮಧ್ಯೆ ಯಾರದೋ ಹಾಡು. "ಚೆನ್ನಾಗಿ ಹಾಡ್ತೀಯಲ್ಲೇ" ಎಂದು ನಕ್ಕು ಕಿವಿಯಿಂದ ತೆಗೆದರು.

ಒಂದು ವಾರ ಅದನ್ನೇ ತಿದ್ದಿ ತಿದ್ದಿ ಮಾತಾಡಿ ನೋಡಿದ ಮೇಲೆ ಮೂರನೇ ಮನೆಯ ಟೈಲರು ಬಂದ. ಬ್ಲೌಸು ಕೊಟ್ಟು, ಹೋಗದೆ ಹಾಗೇ ನಿಂತ. "ಅಕ್ಕಾ, ತಪ್ಪು ತಿಳೀಬೇಡಿ. ನಿಮ್ಮ ಯಜಮಾನರಿಗೆ ಮೊಣಕಾಲು ನೋವು ಅಂತಿದ್ರಲ್ಲ, ನನ್ನ ಹತ್ರ ಒಂದು ಒಳ್ಳೆ ಮುಲಾಮು ಇದೆ." ನಿನಗೆ ಹೇಗೆ ಗೊತ್ತು ಎಂದರೆ, ತಲೆ ಕೆರೆದುಕೊಂಡು, "ನಾನು ಹೊಲಿಯುವಾಗ ರೇಡಿಯೋ ಹಾಕಿರ್ತೀನಿ. ಒಂದು ವಾರದಿಂದ ನೀವೇ ಬರ್ತಾ ಇದ್ದೀರಿ" ಎಂದ. ಇಬ್ಬರೂ ನಕ್ಕೆವು. ಅವನು ಹೋದ ಮೇಲೆ ನಗು ನಿಂತಿತು. ಇವರಿಗಾಗಿ ಹೇಳಿದ ಒಂದು ವಾರದ ಮಾತನ್ನೆಲ್ಲ ಕೇಳಿಸಿಕೊಂಡವನು ಹೊಲಿಗೆ ಮಶೀನು ತುಳಿಯುವ ಮೂರನೇ ಮನೆಯವನು. ಇವರಿಗೆ ಒಂದು ಅಕ್ಷರವೂ ತಲುಪಿಲ್ಲ.

ನೀನು ನಿನ್ನ ಸ್ಪೀಕರು ರಿಪೇರಿ ಅಂಗಡಿಯಲ್ಲಿ ಈಗಿನ ಕಾಲದ ಪುಟ್ಟ ರೇಡಿಯೋ ಬೋರ್ಡುಗಳನ್ನು ಬಳಸುತ್ತೀಯಲ್ಲ, ಜಾರುವುದಿಲ್ಲ, ತಮ್ಮ ಜೋಡಿಯನ್ನು ಬಿಟ್ಟು ಬೇರೆಯವರಿಗೆ ಕೇಳಿಸುವುದಿಲ್ಲ ಎನ್ನುತ್ತಿದ್ದೆಯಲ್ಲ. ಅದರ ವಿಷಯ ನನಗೆ ವಿವರವಾಗಿ ಬರಿ. ನನಗೆ ಹೊಸದು, ತಲೆಗೆ ಹತ್ತುವುದು ನಿಧಾನ. ಆದರೆ ಇದೊಂದನ್ನು ಮಾಡಿ ಮುಗಿಸದೆ ನಾನು ಬಿಡುವುದಿಲ್ಲ. ಇವರ ಕಿವಿಗೆ ನನ್ನ ಮಾತು ಬೀಳಬೇಕು, ಅಷ್ಟೇ ಪಟಾಕಿ. ಬೇರೆ ಏನೂ ಬೇಡ.

ಮೊಮ್ಮಗಳಿಗೆ ಮುತ್ತು. ಅಳಿಯ, ಮಗಳಿಗೆ ಆಶೀರ್ವಾದ.

ನಿನ್ನ
ಹೊಗೆ


ಏಪ್ರಿಲ್ 20

ಪ್ರೀತಿಯ ಪಟಾಕಿ,

ನಿನ್ನ ದೊಡ್ಡ ಕಾಗದ, ಅದರ ಜೊತೆ ನೀನು ಕೈಯಾರೆ ಬರೆದ ನಕ್ಷೆ, ಎರಡೂ ತಲುಪಿದವು. ಥ್ಯಾಂಕ್ಸ್ ಎಂದು ಹೇಳಿದರೆ ನೀನು ಹೊಡೆಯುತ್ತೀಯ, ಹೇಳುವುದಿಲ್ಲ. ತಡವಾದದ್ದಕ್ಕೆ ಮಾತ್ರ ಕ್ಷಮಿಸು. ಮೊದಲು ಖುಷಿಯಲ್ಲಿ ಬರೆಯಲಾಗಲಿಲ್ಲ, ಆಮೇಲೆ ದುಃಖದಲ್ಲಿ.

ಖುಷಿಯನ್ನು ಮೊದಲು ಹೇಳುತ್ತೇನೆ, ಅದು ಚಿಕ್ಕದು. ನಿನ್ನ ನಕ್ಷೆಯಂತೆ ಎರಡು ಬೋರ್ಡು ಜೋಡಿಸಿದೆ. ಕೈ ನಡುಗಿ ಒಂದನ್ನು ಸುಟ್ಟೆ (ಕಾಲೇಜಿನ ಲ್ಯಾಬಿನಲ್ಲಿ ನೀನು ಪಟಾಕಿ, ನಾನು ಹೊಗೆ, ಆ ಹೆಸರು ಉಳಿಸಿಕೊಳ್ಳಬೇಕಲ್ಲ), ಇನ್ನೊಂದು ತರಿಸಿದೆ. ನನ್ನ ಕೊರಳಿಗೆ ಬೆಂಕಿಪೊಟ್ಟಣದಷ್ಟು ಡಬ್ಬಿ, ಇವರ ಅಂಗಿಯ ಜೇಬಿಗೆ ಸ್ವಲ್ಪ ದೊಡ್ಡದು, ಅದರಿಂದ ಕಿವಿಗೆ ತಂತಿ. ಇವರ ಬೆರಳು ಪ್ರೆಸ್ಸಿನಲ್ಲಿ ಒರಟಾದದ್ದು, ಸಣ್ಣ ಗುಂಡಿ ಹಿಡಿಯಲು ಬರುವುದಿಲ್ಲ. ಅದಕ್ಕೆ ಡಬ್ಬಿಯ ಮೇಲ್ತುದಿಯಲ್ಲಿ ದೊಡ್ಡ ಸ್ವಿಚ್ಚು ಇಟ್ಟೆ, ಹೆಬ್ಬೆರಳಿನಲ್ಲಿ ಸರಿಸಿದರೆ ಸಾಕು, ಬೆಣ್ಣೆಯ ಹಾಗೆ ಸರಿಯುತ್ತದೆ. ಆನ್ ಮಾಡಿದಾಗ ಟಕ್ ಎಂದು ಕಿವಿಗೆ ಬಡಿಯಬಾರದೆಂದು ಶಬ್ದವಿಲ್ಲದ ಸ್ವಿಚ್ಚನ್ನೇ ಹುಡುಕಿದ್ದೆ.

ಮೊದಲ ಮಾತು ಏನು ಆಡಬೇಕೆಂದು ಎರಡು ದಿನ ಯೋಚಿಸಿದ್ದೆ ಕಣೇ, ಮದುವೆ ಹೆಣ್ಣಿನ ಹಾಗೆ. ಇವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತರು. ನಾನು ಕೋಣೆಯ ಆಚೆ ತುದಿಯಲ್ಲಿ ನಿಂತೆ. ಬಾಯಿಗೆ ಬಂದದ್ದು, "ಕೇಳಿಸ್ತಾ?" ಅದೂ ಕಿರುಚಿದ ಹಾಗೆ. ಇವರು ಬೆಚ್ಚಿ ಕಿವಿ ಮುಟ್ಟಿಕೊಂಡರು. "ಅಯ್ಯೋ, ಕೂಗ್ಬೇಡವೇ. ಕೇಳಿಸ್ತಿದೆ" ಎಂದರು. ನಾನು ಅಲ್ಲೇ ಗೋಡೆಗೆ ಒರಗಿ ಅತ್ತೆ. ಆ ಅಳುವೂ ಇವರಿಗೆ ಕೇಳಿಸಿತು, "ಮೂಗು ಒರೆಸ್ಕೋ, ಕಿವಿಗೆಲ್ಲ ಬರ್ತಿದೆ" ಎಂದರು.

ಆ ವಾರ ನಾನು ನಿಲ್ಲಿಸದೆ ಮಾತಾಡಿದೆ. ಸ್ಲೇಟಿನಲ್ಲಿ ಹಿಡಿಸದೆ ಉಳಿದದ್ದೆಲ್ಲ ಇತ್ತಲ್ಲ. ತಂಗಿಯ ಮನೆಯಲ್ಲಿ ನಡೆದದ್ದು, ಟೈಲರಿನ ಕಥೆ, ನನ್ನ ಕಣ್ಣಿನ ತೊಂದರೆ, ಇವರ ತಾಯಿ ಸಾಯುವ ಮೊದಲು ನನ್ನ ಹತ್ತಿರ ಹೇಳಿದ್ದು, ಒಬ್ಬಳೇ ಇದ್ದಾಗ ನನಗೆ ಆಗುವ ಹೆದರಿಕೆ. ಪಾತ್ರೆ ತೊಳೆಯುತ್ತ ಅಡುಗೆಮನೆಯಿಂದ ಮಾತಾಡಿದೆ, ಮಹಡಿಯಲ್ಲಿ ಬಟ್ಟೆ ಹರವುತ್ತ ಮಾತಾಡಿದೆ. ನಿನ್ನ ಬೋರ್ಡು ಗೋಡೆಯ ಆಚೆಯೂ ಹೋಗುತ್ತದೆ, ಬಲೇ ಗಟ್ಟಿ.

ಆಮೇಲೆ ಕಾಟ ಶುರುವಾಯಿತು. ನಾನು ಏನೋ ಹೇಳುತ್ತಿರುತ್ತೇನೆ, ಇವರ ಮುಖ ಖಾಲಿಯಾಗಿರುತ್ತದೆ. ಹತ್ತಿರ ಹೋಗಿ ಸ್ಲೇಟಿನಲ್ಲಿ ಕೇಳಿದರೆ, "ಕಟ್ಟಾಯ್ತು ಅನ್ಸುತ್ತೆ. ಏನೂ ಬರ್ತಿಲ್ಲ" ಎಂದು ಡಬ್ಬಿ ತೆಗೆದು ಕೊಡುತ್ತಾರೆ. ನಾನು ಗೂಡಿಗೆ ಒಯ್ದು ಬಿಚ್ಚುತ್ತೇನೆ. ಒಳಗೆ ಎಲ್ಲ ಸರಿಯಾಗಿದೆ! ಬ್ಯಾಟರಿ ತುಂಬಿದೆ, ಬೆಸುಗೆ ಹೊಳೆಯುತ್ತಿದೆ, ಸ್ವಿಚ್ಚು ಆನ್ ಇದೆ, ದನಿ ಬರುತ್ತಿದೆ. ವಾಪಸು ಕೊಟ್ಟರೆ ಸ್ವಲ್ಪ ಹೊತ್ತು ಕೆಲಸ ಮಾಡುತ್ತದೆ, ಮತ್ತೆ ಇಲ್ಲ. ಬಂದು ಹೋಗುವ ದೋಷದಷ್ಟು ಹಾಳು ದೋಷ ಬೇರೆ ಇಲ್ಲ ಎಂದು ನಿನಗೆ ಬಿಡಿಸಿ ಹೇಳಬೇಕೇ. ಸತ್ತ ಸೆಟ್ಟನ್ನು ಎಬ್ಬಿಸಬಹುದು. ಬದುಕಿದ ಹಾಗೆ ನಟಿಸುವುದನ್ನು ಏನು ಮಾಡುತ್ತೀಯ?

ಫ್ಯಾಕ್ಟರಿಯಲ್ಲಿ ಕಲಿಸಿದ ಹಾಗೆಯೇ ಹೋದೆ. ಅರ್ಧಕ್ಕೆ ಸೀಳು, ಯಾವ ಅರ್ಧ ಸರಿಯಿದೆಯೋ ಅದನ್ನು ಬಿಡು, ಉಳಿದ ಅರ್ಧವನ್ನು ಮತ್ತೆ ಸೀಳು. ಮೈಕು ಬದಲಾಯಿಸಿದೆ. ಆಂಟೆನಾ ಬದಲಾಯಿಸಿದೆ. ಕಿವಿಯ ತಂತಿ ಬದಲಾಯಿಸಿದೆ. ಫ್ರಿಜ್ಜು ಶುರುವಾದಾಗ ಆಗುತ್ತದೇನೋ ಎಂದು ಫ್ರಿಜ್ಜು ಆಫ್ ಮಾಡಿ ಹಾಲು ಒಡೆಸಿದೆ. ಕೊನೆಗೆ ಉಳಿದದ್ದು ಇವರ ಕಿವಿ. ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ, ಮೊದಲು ಹೇಗಿತ್ತೋ ಹಾಗೇ ಇದೆ, ಕಡಿಮೆಯಾಗಿಲ್ಲ ಎಂದರು.

ಇದನ್ನು ಓದು. ಇವರ ಪ್ರೆಸ್ಸಿನ ಗೆಳೆಯ, ಅಕ್ಷರ ಜೋಡಿಸುತ್ತಿದ್ದ ಕಂಪೋಸಿಟರು, ವಾರಕ್ಕೊಮ್ಮೆ ಚದುರಂಗಕ್ಕೆ ಬರುತ್ತಾರೆ. ಮೈಕನ್ನು ಅವರ ಕೊರಳಿಗೆ ಸಿಕ್ಕಿಸಿದೆ. ಸಂಜೆಯವರೆಗೆ ಒಂದು ಸಲವೂ ಕಟ್ಟಾಗಲಿಲ್ಲ. ಇಬ್ಬರೂ ಹಳೆಯ ಫೋರ್‌ಮನ್ನನ್ನು ಬೈದುಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದರು. ಮಗಳು ಬಂದಾಗ ಅವಳಿಗೆ ಹಾಕಿದೆ. ಒಂದು ಸಲವೂ ಇಲ್ಲ. ಅವಳು ಬಿಚ್ಚಿ ನನಗೆ ಕೊಟ್ಟಳು, ನಾನು ಹಾಕಿಕೊಂಡು ನಾಲ್ಕು ಮಾತಾಡಿದೆ, ಕಟ್ಟಾಯಿತು.

ಎಲ್ಲವನ್ನೂ ಸೀಳಿ ಸೀಳಿ ಬಂದರೆ ಉಳಿದದ್ದು ನಾನು. ಅಂದರೆ ದೋಷ ನನ್ನ ದನಿಯಲ್ಲಿದೆ ಎಂದು ತೀರ್ಮಾನ ಮಾಡಿದೆ. ನಗಬೇಡ. ಮೈಕಿನ ಮುಂದೆ ಕೂತು ನನ್ನ ದನಿಯನ್ನೇ ಆಸಿಲೋಸ್ಕೋಪಿಗೆ ಕೊಟ್ಟೆ. ಹಸಿರು ಪರದೆಯ ಮೇಲೆ ಅಲೆಯಾಗಿ ನಾನು! ಕೊಂಕು ಕೊಂಕಾಗಿ, ಚೂಪು ಚೂಪಾಗಿ. ಕಂಪೋಸಿಟರ ದನಿ ಗುಡ್ಡದ ಹಾಗೆ ದುಂಡಗೆ ಬರುತ್ತದೆ, ನನ್ನದು ಗರಗಸ. ಇವರಿಗೆ ಎತ್ತರದ ದನಿಗಳೇ ಮೊದಲು ಹೋದದ್ದು ಎಂದು ಡಾಕ್ಟರು ಹೇಳಿದ್ದರಲ್ಲ. ಸರಿ, ನನ್ನೊಬ್ಬಳಿಗಾಗಿ ಒಂದು ಫಿಲ್ಟರು ಕಟ್ಟಿದೆ, ಚೂಪನ್ನು ಕತ್ತರಿಸಲು. ಅದೂ ಸಾಲಲಿಲ್ಲ. ಆಮೇಲೆ ದನಿಯನ್ನೇ ತಗ್ಗಿಸಿ ಮಾತಾಡಲು ಅಭ್ಯಾಸ ಮಾಡಿದೆ, ಬಾಗಿಲು ಹಾಕಿಕೊಂಡು, ಪರದೆ ನೋಡಿಕೊಂಡು, ಗುಡ್ಡ ಬರುವವರೆಗೆ. ಮಗಳು ಫೋನಿನಲ್ಲಿ, "ಅಮ್ಮಾ, ಗಂಟಲು ನೋವಾ? ಯಾಕೆ ಹೀಗೆ ಮಾತಾಡ್ತಿದ್ದೀಯ?" ಎಂದು ಗಾಬರಿಯಾದಳು. ಹುಟ್ಟಿದ ದನಿಯನ್ನೂ ಬಿಟ್ಟುಕೊಟ್ಟೆ ಪಟಾಕಿ, ಆದರೂ ಕಟ್ಟಾಗುತ್ತದೆ.

ನನಗೆ ಸಾಕಾಗಿದೆ. ಎಲ್ಲರ ಮಾತು ಹೋಗುವ ದಾರಿಯಲ್ಲಿ ನನ್ನದೊಂದು ಮಾತ್ರ ಏಕೆ ಹೋಗುವುದಿಲ್ಲ? ಬೆಳಗ್ಗೆ ಎದ್ದರೆ ಕೊರಳಿಗೆ ಆ ಡಬ್ಬಿ ಸಿಕ್ಕಿಸಿಕೊಳ್ಳಲು ಕೈ ಬರುವುದಿಲ್ಲ. ಮೊದಲು ಆಸೆಯಾದರೂ ಇರಲಿಲ್ಲ. ಒಂದು ವಾರ ಕೇಳಿಸಿಕೊಂಡರಲ್ಲ, ಆ ರುಚಿ ಹತ್ತಿದ ಮೇಲೆ ಈ ಸ್ಲೇಟು ಕಂಡರೆ ಎತ್ತಿ ಒಡೆಯಬೇಕೆನ್ನಿಸುತ್ತದೆ. ನಿನಗೆ ಏನಾದರೂ ಹೊಳೆದರೆ ಬೇಗ ಬರಿ. ಹುಚ್ಚು ಉಪಾಯವಾದರೂ ಪರವಾಗಿಲ್ಲ.

ಮಕ್ಕಳಿಗೆಲ್ಲ ಆಶೀರ್ವಾದ. ನಿನ್ನ ಸೊಂಟ ನೋವು ಹೇಗಿದೆ ಎಂದು ಕೇಳುವುದನ್ನೇ ಮರೆತೆ ನೋಡು, ಎಂಥ ಗೆಳತಿ ನಾನು.

ನಿನ್ನ
ಹೊಗೆ


ಜುಲೈ 6

ಪ್ರೀತಿಯ ಪಟಾಕಿ,

ನೀನು ಎರಡು ಕಾಗದ ಬರೆದೆ, ಫೋನು ಮಾಡಿದೆ, ನಾನು ಎತ್ತಲಿಲ್ಲ. ಮಗಳಿಗೂ ಫೋನು ಮಾಡಿ "ನಿಮ್ಮಮ್ಮ ಬದುಕಿದ್ದಾಳಾ?" ಎಂದು ಕೇಳಿದೆಯಂತೆ. ಬದುಕಿದ್ದೇನೆ. ಕೋಪ ಮಾಡಿಕೊಂಡಿದ್ದರೆ ಇಳಿಸು. ಬರೆಯಲು ಕೂತಾಗಲೆಲ್ಲ ಏನಾದರೊಂದು ಕೆಲಸ ನೆನಪಾಗಿ ಎದ್ದು ಹೋಗುತ್ತಿದ್ದೆ.

ಇಲ್ಲಿ ಎಲ್ಲರೂ ಹೀಗೇ ಇದ್ದೇವೆ. ಕಂಪೋಸಿಟರಿಗೆ ಕಣ್ಣಿನ ಆಪರೇಷನ್ ಆಯಿತು, ಕಪ್ಪು ಕನ್ನಡಕ ಹಾಕಿಕೊಂಡು ಬಂದು ಚದುರಂಗದಲ್ಲಿ ಕುದುರೆಗೂ ಒಂಟೆಗೂ ವ್ಯತ್ಯಾಸ ತಿಳಿಯದೆ ಆಡುತ್ತಾರೆ, ಆದರೂ ಇವರೇ ಸೋಲುತ್ತಾರೆ. ಟೈಲರು ಮಶೀನು ಬದಲಾಯಿಸಿದ. "ಅಕ್ಕಾ, ಈಗ ನೀವು ರೇಡಿಯೋದಲ್ಲಿ ಬರೋದೇ ಇಲ್ಲ, ಬೇಜಾರಾಗುತ್ತೆ" ಎಂದು ಕಾಲೆಳೆದ. ತಮಾಷೆಗೆ ಹೇಳಿದ್ದೋ ನಿಜವಾಗಿ ಹೇಳಿದ್ದೋ, ನನ್ನನ್ನು ಆ ಮಾತು ಇಡೀ ದಿನ ಬಿಡಲಿಲ್ಲ. ಮಗಳಿಗೆ ಔಷಧಿ ಅಂಗಡಿಯಲ್ಲಿ ಕೈತುಂಬ ಕೆಲಸ. ಬಂದಾಗ ನನ್ನ ಮುಖ ನೋಡಿ ರಕ್ತ ಪರೀಕ್ಷೆ ಮಾಡಿಸು ಎನ್ನುತ್ತಾಳೆ. ಮಾಡಿಸಿದೆ. ರಕ್ತದಲ್ಲಿ ಏನೂ ಇಲ್ಲ.

ನೀನು ಬರೆದ ಉಪಾಯ ಒಳ್ಳೆಯದಿತ್ತು. ಆ ಬೋರ್ಡುಗಳು ಬರೀ ಒಂದು ಕಡೆಯಿಂದ ಮಾತಾಡುವುದಲ್ಲ, ಕೇಳಿಸಿಕೊಂಡ ಬೋರ್ಡು "ತಲುಪಿತು" ಎಂದು ಮರುಮಾತು ಕಳಿಸಬಲ್ಲದು, ಆ ಮರುಮಾತಿಗೆ ಒಂದು ದೀಪ ಕಟ್ಟು, ಎಲ್ಲಿ ಯಾವಾಗ ಕಟ್ಟಾಗುತ್ತದೆಂದು ಕಣ್ಣಿಗೇ ಕಾಣುತ್ತದೆ ಎಂದು ಬರೆದಿದ್ದೆಯಲ್ಲ. ಕಟ್ಟಿದೆ. ಸಾಸಿವೆಯಷ್ಟು ಹಸಿರು ದೀಪ, ನನ್ನ ಕೊರಳ ಡಬ್ಬಿಯ ಒಳಮಗ್ಗುಲಲ್ಲಿ, ತಲೆ ಬಗ್ಗಿಸಿದರೆ ನನಗೆ ಮಾತ್ರ ಕಾಣುವ ಹಾಗೆ. ಇವರ ರಿಸೀವರ್ ಆನ್ ಇದ್ದು ನನ್ನ ದನಿ ತಲುಪುತ್ತಿದ್ದರೆ ದೀಪ ಉರಿಯುತ್ತದೆ. ಚೆನ್ನಾಗಿ ಕೆಲಸ ಮಾಡುತ್ತದೆ. ನಿನ್ನ ಬೋರ್ಡಿನ ಬಗ್ಗೆ ನಾನು ಆಡಿದ ಮಾತನ್ನೆಲ್ಲ ವಾಪಸು ತೆಗೆದುಕೊಳ್ಳುತ್ತೇನೆ. ಸರ್ಕ್ಯೂಟಿನಲ್ಲಿ ಯಾವ ದೋಷವೂ ಇಲ್ಲ.

ಗೂಡು ಖಾಲಿ ಮಾಡುತ್ತಿದ್ದೇನೆ. ಕಣ್ಣು ಮಂಜು, ಕೈ ನಡುಕ, ಬಗ್ಗಿ ಕೂತರೆ ಬೆನ್ನು. ಯಾವ ಕಾರಣ ಬೇಕೋ ತಗೋ. ಮೇಜಿನ ಮೇಲೆ ಈಗ ಇಸ್ತ್ರಿ ಮಾಡುತ್ತೇನೆ, ಅದು ಹುಟ್ಟಿದ್ದೇ ಅದಕ್ಕಲ್ಲವೇ. ಆಸಿಲೋಸ್ಕೋಪನ್ನು ನಿನ್ನ ಅಂಗಡಿಗೆ ಕಳಿಸುತ್ತಿದ್ದೇನೆ, ಬೇಡ ಎನ್ನಬೇಡ. ಮಾತ್ರೆ ಡಬ್ಬಿಗಳೂ ಅದರ ಜೊತೆಗೇ ಬರುತ್ತವೆ. ಕಡ್ಡಿ ಕಾದು ಬೆಸುಗೆಯ ಹೊಗೆ ಮೂಗಿಗೆ ಬಂದರೆ ಮುಂಚೆ ಊಟ ಮರೆಯುತ್ತಿದ್ದೆ. ಈಗ ಆ ವಾಸನೆ ಬಂದರೆ ಎದ್ದು ಹೊರಗೆ ಹೋಗುತ್ತೇನೆ. ಇಷ್ಟು ವರ್ಷದ ಹುಚ್ಚು ಇಷ್ಟು ಸುಲಭವಾಗಿ ಬಿಟ್ಟುಹೋಗುತ್ತದೆಂದು ನನಗೆ ಗೊತ್ತಿರಲಿಲ್ಲ. ಬಿಟ್ಟದ್ದಕ್ಕೆ ಅಳುವೂ ಬರುತ್ತಿಲ್ಲ.

ಇವರು ಆರೋಗ್ಯವಾಗಿದ್ದಾರೆ. ರಿಸೀವರನ್ನು ದಿನವೂ ಜೇಬಿಗೆ ಹಾಕಿಕೊಳ್ಳುತ್ತಾರೆ. ಬಂದವರಿಗೆಲ್ಲ ತೋರಿಸಿ, "ನಮ್ಮವಳೇ ಮಾಡಿದ್ದು, ಇಂಥದ್ದು ಅಂಗಡೀಲಿ ಸಿಗಲ್ಲ" ಎಂದು ಹೆಮ್ಮೆಯಿಂದ ಹೇಳುತ್ತಾರೆ. ಆ ಹೆಮ್ಮೆಯಲ್ಲಿ ಸುಳ್ಳಿಲ್ಲ. ಅದನ್ನು ನಿನಗೆ ಹೇಳಲೇಬೇಕು, ಇವರನ್ನು ಕೆಟ್ಟವರೆಂದು ನೀನು ತಿಳಿಯಬಾರದು.

ನಿನ್ನ ಮಗಳಿಗೆ ಎರಡನೆಯದು ಗಟ್ಟಿಯಾಯಿತೆಂದು ಕೇಳಿ ಸಂತೋಷವಾಯಿತು. ತಾಯಿ ಮಗು ಸುಖವಾಗಿರಲಿ, ಹೆರಿಗೆ ಹಗುರಾಗಲಿ. ಅಳಿಯನಿಗೆ, ಮೊಮ್ಮಗಳಿಗೆ ಮನಸ್ಸು ತುಂಬಿ ಹರಸಿದ್ದೇನೆಂದು ಹೇಳು. ಹುಟ್ಟುವ ಕೂಸು ನಮ್ಮಿಬ್ಬರಷ್ಟೇ ಬಾಯಿಬಡುಕಿಯಾಗಲಿ, ಮನೆ ತುಂಬ ಅದರ ಮಾತಿರಲಿ. ನೀನು ಸೊಂಟ ಹುಷಾರು, ಸ್ಪೀಕರು ನೀನೇ ಎತ್ತಬೇಡ.

ನಿನ್ನ
ಹೊಗೆ

ಮರೆತ ಮಾತು: ಮರೆತದ್ದಲ್ಲ. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ನಿನಗೂ ಹೇಳದಿದ್ದರೆ ಇನ್ನು ಯಾರಿಗೆ ಹೇಳಲಿ.

ದೀಪ ಕಟ್ಟಿದ ಮೊದಲ ದಿನ ನಾನು ಇವರ ಪಕ್ಕದಲ್ಲಿ ಸುಮ್ಮನೆ ಕೂತು ಬಟ್ಟೆ ಮಡಿಸುತ್ತಿದ್ದೆ. ದೀಪ ಉರಿಯುತ್ತಿತ್ತು. ನನ್ನ ಕೊರಳ ಮೈಕಿನಿಂದ ಇವರು ಬೀದಿಯನ್ನು ಕೇಳಿಸಿಕೊಳ್ಳುತ್ತಿದ್ದರು. ಗುಬ್ಬಿ, ಸೈಕಲ್ಲಿನ ಗಂಟೆ, ಎದುರು ಮನೆಯ ಮಕ್ಕಳ ಜಗಳ. ಮುಖದಲ್ಲಿ ಎಂಥ ಸಮಾಧಾನ ಇತ್ತು ಗೊತ್ತಾ. ನನಗೂ ಸಂತೋಷವಾಗಿ, "ರೀ, ಇವತ್ತು ಏನಾಯ್ತು ಗೊತ್ತಾ" ಎಂದೆ. ಇವರ ಕೈ ಕರವಸ್ತ್ರ ತೆಗೆಯುವವರ ಹಾಗೆ ಜೇಬಿಗೆ ಹೋಯಿತು. ದೀಪ ಆರಿತು. ಕರವಸ್ತ್ರ ಹೊರಗೆ ಬರಲಿಲ್ಲ. ನಾನು ಮಾತು ನಿಲ್ಲಿಸಿ ಮತ್ತೆ ಬಟ್ಟೆ ಮಡಿಸಿದೆ. ಸ್ವಲ್ಪ ಹೊತ್ತಿಗೆ ಕೈ ಮತ್ತೆ ಜೇಬಿಗೆ ಹೋಗಿ ದೀಪ ಹತ್ತಿತು.

ನಂಬಲಿಲ್ಲ. ಟೆಸ್ಟಿಂಗ್ ಬೆಂಚಿನವಳು, ಒಂದು ಸಲ ಕಂಡದ್ದನ್ನು ನಂಬುವವಳಲ್ಲ. ಮೈಕು ನನ್ನ ಕೊರಳಲ್ಲೇ ಇಟ್ಟುಕೊಂಡು, ಬಂದವರ ಪಕ್ಕ ಕೂತು ವಾರಗಟ್ಟಲೆ ನೋಡಿದೆ. ಕಂಪೋಸಿಟರು ಬಾಯಿ ತೆರೆದರೆ ಉರಿಯುತ್ತದೆ, ಮಗಳು ತೆರೆದರೆ ಉರಿಯುತ್ತದೆ, ನಾನು ತೆರೆದರೆ ಆರುತ್ತದೆ. ಒಂದು ಮಧ್ಯಾಹ್ನ ಇವರು ಮಲಗಿದಾಗ ಡಬ್ಬಿ ಬಿಚ್ಚಿ ಬೆಸುಗೆ ಕಡ್ಡಿ ಕಾಯಿಸಿಕೊಂಡು ಕೂತೆ. ಸ್ವಿಚ್ಚಿನ ಎರಡು ಕಾಲಿಗೆ ಒಂದು ಹನಿ ಸೀಸ ಇಟ್ಟರೆ ಮುಗಿಯಿತು, ಆಮೇಲೆ ಹೇಗೆ ಸರಿಸಿದರೂ ಆಫ್ ಆಗುವುದಿಲ್ಲ. ಆಗಲಿಲ್ಲ ನನ್ನಿಂದ. ಒಬ್ಬ ಮನುಷ್ಯನ ಕಿವಿಗೆ ಬೇಡವಾದದ್ದನ್ನು ಬಲವಂತವಾಗಿ ತುಂಬುವ ಕೆಲಸವನ್ನು ಪ್ರೆಸ್ಸಿನ ಮಶೀನು ಮಾಡಿ ಆಗಿದೆ. ಕಡ್ಡಿ ಆರಿಸಿ ಡಬ್ಬಿ ಮುಚ್ಚಿಟ್ಟೆ.

ಇದೂ ಅಲ್ಲ ನನ್ನನ್ನು ಕೊಂದದ್ದು. ದೀಪ ಆರಿದ ಮೇಲೂ ನಾನು ಮಾತಾಡುತ್ತ ಹೋದೆ, ನನಗೆ ಗೊತ್ತಾಗಿದೆ ಎಂದು ಇವರಿಗೆ ಗೊತ್ತಾಗಬಾರದಲ್ಲ. ಇವರು ನನ್ನ ಮುಖ ನೋಡುತ್ತ, ನನ್ನ ಉಸಿರು ನಿಂತ ಜಾಗದಲ್ಲೆಲ್ಲ "ಹೂಂ" ಎನ್ನುತ್ತಾರೆ. ಕೊನೆಗೆ "ಹೌದು ಬಿಡು" ಎನ್ನುತ್ತಾರೆ. ಒಂದು ಸಲವೂ ತಾಳ ತಪ್ಪುವುದಿಲ್ಲ. ಮೊನ್ನೆ ದೀಪ ಆರಿದ್ದಾಗ, ಎಂದಿನ ಮುಖದಲ್ಲೇ ಹೇಳಿದೆ: "ನನಗೆ ಬದುಕೋಕೆ ಇಷ್ಟ ಇಲ್ಲ ರೀ." ಇವರು ಅಕ್ಕರೆಯಿಂದ ನಕ್ಕು, "ಹೂಂ, ಹೌದು ಬಿಡು" ಎಂದರು. ಆ ನಗು, ಆ "ಹೂಂ", ಆ ತಲೆದೂಗು ಯಾವುದೂ ಕಿವುಡು ಬಂದ ಮೇಲೆ ಕಲಿತದ್ದಲ್ಲ ಪಟಾಕಿ. ಕಿವಿ ಚೆನ್ನಾಗಿದ್ದ ಕಾಲದ್ದು. ಮದುವೆಯಾದ ಹೊಸತರಲ್ಲೂ ಇದೇ ಇತ್ತು, ಇಷ್ಟೇ ಸಿಹಿಯಾಗಿತ್ತು, ಅದನ್ನು ನಂಬಿಕೊಂಡೇ ನಾನು ಇಡೀ ಜೀವಮಾನ ಮಾತಾಡಿದ್ದು. ಅವತ್ತಿನಿಂದ ಹಿಂದಕ್ಕೆ ಹಿಂದಕ್ಕೆ ಹುಡುಕುತ್ತಿದ್ದೇನೆ, ಇವರು ನನ್ನ ಮಾತನ್ನು ನಿಜವಾಗಿ ಕೇಳಿಸಿಕೊಂಡ ಒಂದು ದಿನ ಸಿಗುತ್ತದೇನೋ ಎಂದು. ಆ ಮೊದಲ ವಾರವನ್ನೂ ನಂಬಲು ಧೈರ್ಯವಿಲ್ಲ, ಆಗ ದೀಪ ಇರಲಿಲ್ಲ.

ನಾನು ಏನೂ ಮಾಡಿಕೊಳ್ಳುವುದಿಲ್ಲ, ಹೆದರಬೇಡ. ಮಗಳಿಗೆ ಹೇಳಬೇಡ. ಉಪಾಯ ಬರೆಯಬೇಡ, ಇವರನ್ನು ಬೈದೂ ಬರೆಯಬೇಡ. ಈ ಕಾಗದವನ್ನು ಕೊನೆಯವರೆಗೆ ಓದಿದೆ ಎಂದು ಒಂದು ಸಾಲು ಬರಿ, ಸಾಕು.